ಉಡುಪಿಗೆ ಒಂದು ದಿನದ ವಿಶ್ರಾಂತಿ

ಪೂಜಿತಾಳ ಸೀಮಂತಕ್ಕೆ ಬಂದ ಹೆಂಗಸರೆಲ್ಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು. ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂಬುದೆಲ್ಲ ಆಮೇಲೆ, ಮೊದಲು ಈ ಹುಡುಗಿಗೆ ಹಿಡಿದ ಫೋನಿನ ಹುಚ್ಚು ಬಿಡಿಸಬೇಕು. ಅವರನ್ನು ತಪ್ಪು ಅನ್ನುವ ಹಾಗೂ ಇಲ್ಲ. ಮುಂಬೈ ಪಕ್ಕದ ಠಾಣೆಯ ವರ್ತಕ ನಗರದ ಆ ಹಾಲ್‌ನಲ್ಲಿ ಹಸಿರು ಬಳೆ ತೊಡಿಸಲು ಕೈ ಚಾಚು ಎಂದರೆ ಅವಳು ಒಂದೇ ಕೈ ಚಾಚಿದಳು. ಇನ್ನೊಂದು ಕೈಯಲ್ಲಿ ಫೋನ್ ಇತ್ತು. ಫೋನಿನೊಳಗಿಂದ ಡೊಂಬಿವಲಿಯ ಬಸ್ ಏಜೆಂಟನೊಬ್ಬ, ಸೀಟು ಬುಕ್ ಆಗುತ್ತಿಲ್ಲ, ಗಿರಾಕಿ ಎದುರಿಗೇ ಕೂತು ತನ್ನ ಮುಖ ನೋಡುತ್ತಿದ್ದಾನೆ ಎಂದು ಮರಾಠಿಯಲ್ಲಿ ಕಿರುಚುತ್ತಿದ್ದ.

"ಲ್ಯಾಪ್‌ಟಾಪ್ ಕೊಡಿ ಬೇಗ, ಕಾರ್ಕಳ ಬಿದ್ದಿದೆ" ಎಂದು ಪೂಜಿತಾ ಗಂಡ ರಂಜನನಿಗೆ ಕೂಗಿ ಹೇಳಿದಳು. ಊರಿನಿಂದ ಬಂದಿದ್ದ ದೊಡ್ಡಮ್ಮನೊಬ್ಬರು ಆರತಿ ತಟ್ಟೆ ಹಿಡಿದವರು ಹಿಡಿದ ಹಾಗೇ ಬಾಯಿ ತೆರೆದರು. ಅತ್ತೆ ಉಮಾವತಿಯವರು ಮುಖ ಬಿಗಿದುಕೊಂಡು, ಕಾರ್ಕಳ ಎಂದರೆ ಊರಲ್ಲ, ಇವಳ ಆಫೀಸಿನ ಒಂದು ಕಂಪ್ಯೂಟರ್ ಎಂದು ಬಂದವರಿಗೆಲ್ಲ ವಿವರಿಸಬೇಕಾಯಿತು.

ವಿವರ ಇಷ್ಟೇ. ನವಿ ಮುಂಬೈಯ ಮಹಾಪೆಯಲ್ಲಿ ದೇವದಾಸರದ್ದೊಂದು ಸಣ್ಣ ಕಂಪನಿ. ಮುಂಬೈಯಿಂದ ಕರಾವಳಿಗೆ ಓಡುವ ಖಾಸಗಿ ಬಸ್ಸುಗಳ ಸೀಟುಗಳನ್ನು ಇಂಟರ್ನೆಟ್ಟಿನಲ್ಲಿ ಮಾರುವುದು ಅದರ ಕೆಲಸ. ಆಫೀಸಿನ ಹಿಂದಿನ ತಣ್ಣನೆ ಕೋಣೆಯಲ್ಲಿ ಮೂರು ಸರ್ವರ್. ಬಸ್ಸು ಹೋಗುವ ಊರುಗಳ ಹೆಸರನ್ನೇ ದೇವದಾಸರು ಅವಕ್ಕೆ ಇಟ್ಟಿದ್ದರು: ಉಡುಪಿ, ಕುಂದಾಪುರ, ಕಾರ್ಕಳ. ಮೂರರ ಮುಂದೆ ನಾಲ್ಕನೆಯದೊಂದು ಸಣ್ಣ ಯಂತ್ರ. ಬಂದ ಗಿರಾಕಿಗಳನ್ನು ನೀನು ಅತ್ತ ಹೋಗು, ನೀನು ಇತ್ತ ಹೋಗು ಎಂದು ಮೂರೂ ಕಡೆ ಸಮನಾಗಿ ಹಂಚುವುದು ಅದರ ಕೆಲಸ. ಅದಕ್ಕೆ ಪೂಜಿತಾ, ದಾರಿಗಳು ಕವಲೊಡೆಯುವ ಚೌಕಕ್ಕೆ ಮುಂಬೈಯವರು ಹೇಳುವ ಹಾಗೆ, 'ನಾಕಾ' ಎಂದು ಹೆಸರಿಟ್ಟಿದ್ದಳು. ತೊಂದರೆ ಎಂದರೆ ಈ ನಾಕಾ ಹಂಚುವುದರಲ್ಲಿ ಹುಷಾರು, ನೋಡುವುದರಲ್ಲಿ ಕುರುಡು. ಕಾರ್ಕಳ ಸುಸ್ತಾಗಿ ಬಿದ್ದುಕೊಂಡಿದ್ದರೂ ಮೂವರಲ್ಲಿ ಒಬ್ಬ ಗಿರಾಕಿಯನ್ನು ಅಲ್ಲಿಗೇ ಅಟ್ಟುತ್ತಿತ್ತು. ಆ ಗಿರಾಕಿ ಏಜೆಂಟನನ್ನು ಬೈಯುವನು, ಏಜೆಂಟ್ ದೇವದಾಸರನ್ನು ಬೈಯುವನು, ದೇವದಾಸರು ಪೂಜಿತಾಳಿಗೆ ಫೋನ್ ಮಾಡುವರು. ಲೋಕಲ್ ಟ್ರೈನಿನಲ್ಲಿ ಒಂಟಿ ಕಾಲಲ್ಲಿ ನಿಂತು, ಸಂಬಂಧಿಕರ ಮದುವೆಯ ಊಟದ ಪಂಕ್ತಿಯಲ್ಲಿ ಎಡಗೈಯಲ್ಲಿ, ಸ್ನಾನದ ಮನೆಯಿಂದ ಅರ್ಧ ಸೋಪಿನಲ್ಲಿ ಹೊರಗೆ ಬಂದು, ಎಲ್ಲ ರೀತಿಯಲ್ಲೂ ಅವಳು ಸರ್ವರ್ ಎಬ್ಬಿಸಿ ಆಗಿತ್ತು. ಇನ್ನು ಸೀಮಂತದ ಮಣೆಯ ಮೇಲೆ ಕೂತು ಎಬ್ಬಿಸುವುದೊಂದು ಬಾಕಿ ಇತ್ತು, ಅದೂ ಆಯಿತು.

ದೇವದಾಸರೂ ಸೀಮಂತಕ್ಕೆ ಬಂದಿದ್ದರು. ಬೆಳ್ಳಿಯ ಕುಂಕುಮ ಭರಣಿ ಉಡುಗೊರೆ ಕೊಟ್ಟು, ಎರಡೆರಡು ಸಲ ಪಾಯಸ ಹಾಕಿಸಿಕೊಂಡು, ಕೈ ಒರೆಸುತ್ತ ಅವಳ ಹತ್ತಿರ ಬಂದರು.

"ಎದ್ದಿತಾ?"

"ಎದ್ದಿತು ದೇವಣ್ಣ."

"ನೀನಿದ್ದೀ, ಎದ್ದಿತು. ದಸರಾ ಕಳೆದ್ರೆ ನೀನು ತಾಯಿಮನೆಗೆ. ಆಮೇಲೆ ಯಾರು ಎಬ್ಬಿಸುದು? ಅದಕ್ಕೇ ಒಬ್ಬ ಹುಡುಗನನ್ನು ನೋಡಿ ಇಟ್ಟಿದ್ದೇನೆ. ಜಯಶೀಲ ಅಂತ. ಅವನಿಗೆ ಪರ್ಮನೆಂಟ್ ಬೇಕಂತೆ."

ಪೂಜಿತಾ ಫೋನ್ ಕೆಳಗಿಟ್ಟಳು. "ಪರ್ಮನೆಂಟಾ? ನಾನು ಕೇಳಿದ್ದು ರಜೆ ಅಲ್ವಾ ದೇವಣ್ಣ?"

"ರಜೆ ಸರಿ ಮಾರಾಯ್ತಿ. ಆದ್ರೆ ಮಗು ಆದ ಮೇಲೆ ಬರ್ತೇನೆ ಅಂತ ಹೋದವರು ಯಾರು ಬಂದಿದ್ದಾರೆ ಹೇಳು? ಹಿಂದೆ ಇಬ್ಬರು ಹೀಗೇ ಹೋದರು. ಒಬ್ಬಳ ಮಗನಿಗೆ ಈಗ ಮುಂಜಿ ಆಗಿದೆ."

ದೇವದಾಸರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ಅವರು ನಗುನಗುತ್ತಲೇ, ಪಾಯಸದ ರುಚಿ ಹೊಗಳಿದ ಅದೇ ಬಾಯಲ್ಲಿ, ಅವಳ ಕುರ್ಚಿಯನ್ನು ಇನ್ನೊಬ್ಬನಿಗೆ ಎತ್ತಿ ಕೊಡುತ್ತಿದ್ದರು. ನಾಲ್ಕು ವರ್ಷ ದುಡಿದ ಕುರ್ಚಿ ಅದು. ಡಿಪ್ಲೊಮಾ ಮುಗಿಸಿ ಬಂದ ಹುಡುಗಿ ಒಂದೊಂದೇ ತಂತಿ ಜೋಡಿಸಿ ಆ ತಣ್ಣನೆ ಕೋಣೆಯನ್ನು ಕಟ್ಟಿದ್ದಳು.

"ಎಬ್ಬಿಸ್ಲಿಕ್ಕೆ ಯಾರೂ ಬೇಡದ ಹಾಗೆ ಮಾಡಿದ್ರೆ?" ಎಂದಳು ಪೂಜಿತಾ. "ಬಿದ್ದದ್ದು ಅದಕ್ಕೇ ಗೊತ್ತಾಗ್ಬೇಕು, ಅದೇ ಏಳ್ಬೇಕು. ಹಾಗೆ ಮಾಡಿ ಹೋದ್ರೆ ನನ್ನ ಜಾಗಕ್ಕೆ ಯಾರನ್ನೂ ತಗೊಳ್ಳುದಿಲ್ಲ ತಾನೆ?"

"ತಾನೇ ಏಳುದಾದ್ರೆ ಮತ್ತೆ ನೀನಾದ್ರೂ ಯಾಕೆ?" ಎಂದು ದೇವದಾಸರು ಜೋರಾಗಿ ನಕ್ಕರು. ಪೂಜಿತಾ ನಗಲಿಲ್ಲ. ಅವಳು ನಗದಿದ್ದದ್ದು ನೋಡಿ ಅವರಿಗೂ ಸ್ವಲ್ಪ ಕಸಿವಿಸಿಯಾಯಿತು. "ಆಯ್ತು, ಒಂದು ಶರ್ತ. ನವಮಿ ದಿನ ದೀಪಾವಳಿ ಬುಕಿಂಗ್ ಓಪನ್ ಮಾಡ್ತೇವೆ ಅಲ್ವಾ? ವರ್ಷದ ಅತೀ ದೊಡ್ಡ ರಶ್ಶು. ಅವತ್ತು ಸಂಜೆ ತನಕ ಯಾರೂ ಕೈ ಹಾಕದೆ ನಡೀಲಿ. ನಡೆದ್ರೆ ಕುರ್ಚಿ ನಿನ್ನದು. ನೀನು ಯಾವಾಗ ಬಂದ್ರೂ ನಿನ್ನದು."

"ಆಯ್ತು" ಎಂದಳು ಪೂಜಿತಾ, ಕೈತುಂಬಿದ ಬಳೆ ಸರಿಪಡಿಸಿಕೊಳ್ಳುತ್ತ.

ಮನೆಗೆ ಬಂದ ಮೇಲೆ ಉಮಾವತಿಯವರು ತುಳುವಿನಲ್ಲಿ ಶುರು ಮಾಡಿದರು. ಕಾಲು ಊದಿದೆ, ಠಾಣೆ ಸ್ಟೇಷನ್ನಿನ ಮೆಟ್ಟಿಲು ಕೊಲ್ಲುತ್ತದೆ, ಘನ್ಸೋಲಿಯಲ್ಲಿ ಇಳಿದು ಶೇರ್ ರಿಕ್ಷಾದಲ್ಲಿ ಕುಲುಕಿಸಿಕೊಂಡು ಹೋಗುವುದು ಬೇರೆ, ಅಷ್ಟಕ್ಕೂ ಆ ದೇವದಾಸನ ಆಫೀಸು ಇವಳಿಲ್ಲದಿದ್ದರೆ ಮುಳುಗಿ ಹೋಗುತ್ತದಾ? ರಂಜನ್ "ನಿನ್ನ ಇಷ್ಟ" ಎಂದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವನಿಗೆ ಯಾರ ಮನಸ್ಸನ್ನೂ ನೋಯಿಸದ ಮಾತು ಆಡುವುದು ಚೆನ್ನಾಗಿ ಅಭ್ಯಾಸವಾಗಿತ್ತು. ಪೂಜಿತಾಳಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಆದರೆ ಅವಳ ತಲೆ ಕೊರೆಯುತ್ತಿದ್ದದ್ದು ದೇವದಾಸರ ಆ ತಮಾಷೆಯ ಮಾತು. ತಾನೇ ಏಳುವುದಾದರೆ ನೀನು ಯಾಕೆ? ಕೆಲಸ ಚೆನ್ನಾಗಿ ಮಾಡಿದರೆ ನಾನೇ ಬೇಡವಾಗುತ್ತೇನೆ, ಮಾಡದಿದ್ದರೆ ಜಯಶೀಲ ಬರುತ್ತಾನೆ. ಬೆಳಿಗ್ಗೆ ವಾಶಿ ಕಡೆಯ ಟ್ರೈನಿನಲ್ಲಿ ಲೇಡೀಸ್ ಡಬ್ಬಿಯ ಕಿಟಕಿ ಪಕ್ಕ ಯಾರೋ ಪುಣ್ಯಾತ್ಗಿತ್ತಿ ಎದ್ದು ಜಾಗ ಕೊಟ್ಟಳು. ಐರೋಲಿ ದಾಟುವಷ್ಟರಲ್ಲಿ ಪೂಜಿತಾ ತೀರ್ಮಾನ ಮಾಡಿ ಆಗಿತ್ತು. ಮಾಡುವುದೇ. ಚೆನ್ನಾಗಿಯೇ ಮಾಡುವುದು. ಅರ್ಧಂಬರ್ಧ ಮಾಡಿಟ್ಟು, ನೋಡಿ ನಾನಿಲ್ಲದೆ ನಡೆಯುವುದಿಲ್ಲ ಎಂದು ಕುರ್ಚಿ ಉಳಿಸಿಕೊಳ್ಳುವ ಬುದ್ಧಿ ಅವಳದ್ದಲ್ಲ.

ಮೊದಲ ಕೆಲಸ, ನಾಕಾಕ್ಕೆ ಕಣ್ಣು ಕೊಡುವುದು. ಪ್ರತಿ ಕೆಲವು ಸೆಕೆಂಡಿಗೊಮ್ಮೆ ಅದು ಮೂರೂ ಸರ್ವರಿನ ಬಾಗಿಲು ತಟ್ಟಿ 'ಹೇಗಿದ್ದೀ' ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಅತ್ತ ಗಿರಾಕಿಗಳನ್ನು ಕಳಿಸುವುದು ನಿಲ್ಲಿಸಬೇಕು. ಇದನ್ನು ಬರೆದು ಮುಗಿಸಿ ಅವಳು ಬೀಗುತ್ತಿರುವಾಗಲೇ ಕುಂದಾಪುರ ಕೈ ಕೊಟ್ಟಿತು. ನಾಕಾ ಕೇಳಿದಾಗೆಲ್ಲ ಕುಂದಾಪುರ ಚೆನ್ನಾಗಿದ್ದೇನೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿತ್ತು. ಮುಖಪುಟ ಥಳಥಳ ಹೊಳೆಯುತ್ತಿತ್ತು. ಒಳಗೆ ಹೋಗಿ ಒಂದು ಸೀಟು ಕೇಳಿದರೆ ಮಾತ್ರ ಬಾಯಿಯೇ ಇಲ್ಲ. ಕಲ್ಯಾಣದ ಏಜೆಂಟ್ ಫೋನಿನಲ್ಲಿ ಉಗಿದ ಮೇಲೆ ಪೂಜಿತಾ ಪ್ರಶ್ನೆಯನ್ನೇ ಬದಲಾಯಿಸಿದಳು. ಹೇಗಿದ್ದೀ ಎಂದು ಕೇಳುವುದು ಬೇಡ. ಒಂದು ಸೀಟು ಕೊಡು ಎಂದು ಕೇಳಬೇಕು. ಎಂದೂ ಓಡದ ಒಂದು ಸುಳ್ಳು ಬಸ್ಸನ್ನು ಅವಳು ಸೃಷ್ಟಿಸಿದಳು. ನಾಕಾ ಆ ಬಸ್ಸಿನ ಸೀಟನ್ನು ಬುಕ್ ಮಾಡಿ, ಕ್ಯಾನ್ಸಲ್ ಮಾಡಿ, ಎರಡೂ ಸರಿಯಾದರೆ ಮಾತ್ರ ಸರ್ವರ್ ಆರೋಗ್ಯವಾಗಿದೆ ಎಂದು ಒಪ್ಪಬೇಕು.

ಎರಡನೆಯದು ಎಬ್ಬಿಸುವ ಕೆಲಸ. ಮೊದಲು ಒಳಗಿನ ಪ್ರೋಗ್ರಾಮ್ ಮಾತ್ರ ನಿಲ್ಲಿಸಿ ಮತ್ತೆ ಶುರು ಮಾಡುವುದು. ಅದಕ್ಕೂ ಜಗ್ಗದಿದ್ದರೆ ಇಡೀ ಯಂತ್ರವನ್ನೇ ಆಫ್ ಮಾಡಿ ಆನ್ ಮಾಡುವುದು. ಯಂತ್ರ ಪೂರ್ತಿ ಮಲಗಿದ್ದರೂ ಒಳಗೊಂದು ಸಣ್ಣ ಚಿಪ್ ಎಚ್ಚರವಾಗಿರುತ್ತದೆ. ಗೋಡೆಯ ಕರೆಂಟು ಇದ್ದರೆ ಸಾಕು, ನಾಕಾ ಅದಕ್ಕೆ ಹೇಳಿ ಪವರ್ ಬಟನ್ ಒತ್ತಿಸಬಹುದು. ಮೂರನ್ನೂ ಒಟ್ಟಿಗೇ ಆಫ್ ಮಾಡಿ ಕೂತುಬಿಟ್ಟರೆ ಏನು ಗತಿ ಎಂದು ಯೋಚಿಸಿ, ಒಂದು ಸಲಕ್ಕೆ ಒಂದನ್ನೇ ಎಬ್ಬಿಸಬೇಕು, ಅದು ಎದ್ದ ಮೇಲೆಯೇ ಇನ್ನೊಂದರ ಹತ್ತಿರ ಹೋಗಬೇಕು ಎಂದು ನಿಯಮ ಮಾಡಿದಳು. ಎಷ್ಟು ಸಲ ಪ್ರಯತ್ನಿಸಿ ಕೈಬಿಡಬೇಕು? ಸರ್ವರ್ ಕೆಲಸದ ಪುಸ್ತಕದಲ್ಲಿ ಮೂರು ಸಲ ಎಂದಿತ್ತು, ಅವಳೂ ಮೊದಲು ಹಾಗೇ ಬರೆದಿದ್ದಳು. ಕೈಬಿಟ್ಟರೆ ಮನುಷ್ಯ ಬರಬೇಕಾಗುತ್ತದೆ, ಮನುಷ್ಯ ಬಂದರೆ ಶರ್ತ ಸೋತ ಹಾಗೆ. ಪೂಜಿತಾ ಆ ಸಾಲನ್ನೇ ಅಳಿಸಿದಳು. ಏಳುವ ತನಕ ಬಿಡಬೇಡ ಎಂದು ಬರೆದಳು. ಹಟ ಮನುಷ್ಯರಿಗೆ ಇರುವಷ್ಟು ಸಾಲದು ಎಂದು ಯಂತ್ರಕ್ಕೂ ಕಲಿಸಿದ ಹಾಗಾಯಿತು.

ಪರೀಕ್ಷೆಗೆ ಗುರುನಾಥ ಸಿಕ್ಕಿದ. ವಿಜಯಪುರ ಕಡೆಯವನು, ಆಫೀಸಿನ ಜನರೇಟರು, ಏಸಿ, ವೈರಿಂಗು ಎಲ್ಲ ನೋಡಿಕೊಳ್ಳುವವನು, ಪೂಜಿತಾಳಿಗಿಂತ ಹತ್ತು ವರ್ಷ ದೊಡ್ಡವನಾದರೂ ಅಕ್ಕಾರ ಎಂದೇ ಕರೆಯುವವನು. ಸರ್ವರ್ ಕೆಡಿಸುವ ಕೆಲಸ ಅವನಿಗೆ ಬಲು ಖುಷಿ ಕೊಟ್ಟಿತು.

"ಕೆಡವಲೇನ್ರಿ ಅಕ್ಕಾರ?"

"ಕೆಡವಿ."

ಗುರುನಾಥ ಕಾರ್ಕಳದ ಬಟನ್ ಒತ್ತಿ ಹಿಡಿಯುವನು. ಇಬ್ಬರೂ ಸ್ಕ್ರೀನ್ ನೋಡುತ್ತ ಕೂರುವರು. ಕಾರ್ಕಳದ ಹಸಿರು ಬಣ್ಣ ಕೆಂಪಾಗುವುದು, ಗಿರಾಕಿಗಳೆಲ್ಲ ಉಳಿದೆರಡರ ಕಡೆ ಹೊರಳುವರು, ಸ್ವಲ್ಪ ಹೊತ್ತಿಗೆ ಕೋಣೆಯೊಳಗಿಂದ ಫ್ಯಾನು ಗುಂಯ್ ಎನ್ನುವುದು, ಕೆಂಪು ಮತ್ತೆ ಹಸಿರಾಗುವುದು. "ಎದ್ದ ನೋಡ್ರಿ ಮಗಾ!" ಎಂದು ಗುರುನಾಥ ತೊಡೆ ತಟ್ಟುವನು. ಪೂಜಿತಾಳ ಹೊಟ್ಟೆಯೊಳಗೂ ಒಂದು ಒದೆ ಬೀಳುವುದು. ಚೌತಿ ಹೋಯಿತು, ಪಿತೃಪಕ್ಷ ಹೋಯಿತು, ನವರಾತ್ರಿ ಬಂತು. ಅಷ್ಟರಲ್ಲಿ ಸರ್ವರುಗಳು ಎಷ್ಟೋ ಸಲ ಬಿದ್ದು ತಾವೇ ಎದ್ದಿದ್ದವು. ಪೂಜಿತಾಳ ಫೋನು ಮೂಕವಾಗಿತ್ತು. ಉಮಾವತಿಯವರು ಒಂದು ದಿನ ಊಟದ ಹೊತ್ತಿಗೆ, "ಫೋನ್ ಕೆಟ್ಟಿದೆಯಾ ಹೇಗೆ?" ಎಂದು ಅನುಮಾನಪಟ್ಟರು. ಪೂಜಿತಾಳಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಮಹಾನವಮಿಯ ಬೆಳಿಗ್ಗೆ ಅವಳು ಸ್ಟೇಷನ್ ಹೊರಗೆ ಗೊಂಡೆ ಹೂವಿನ ಮಾಲೆ ಕೊಂಡು ಆಫೀಸಿಗೆ ಹೋದಳು. ಪ್ರತಿ ವರ್ಷವೂ ತರುತ್ತಿದ್ದಳು, ಈ ವರ್ಷವೂ ತಂದಳು. ಆಯುಧಪೂಜೆ ದೇವದಾಸರಿಗೆ ದೀಪಾವಳಿಗಿಂತ ದೊಡ್ಡ ಹಬ್ಬ. ಅವರ ಅಪ್ಪ ಮುಂಬೈಯಲ್ಲಿ ಲಾರಿ ಓಡಿಸುತ್ತಿದ್ದವರು. ನವಮಿ ದಿನ ಲಾರಿಗೆ ಹೂ ಮುಡಿಸಿ ನಿಲ್ಲಿಸಿದರೆ ಮರುದಿನ ಪೂಜೆ ಮಾಡಿಯೇ ತೆಗೆಯುವುದು. ವರ್ಷಪೂರ್ತಿ ದುಡಿದ ಆಯುಧಕ್ಕೆ ಒಂದು ದಿನ ವಿಶ್ರಾಂತಿ. ಸರ್ವರುಗಳನ್ನೆಲ್ಲ ನಿಲ್ಲಿಸಿದರೆ ವ್ಯಾಪಾರ ಏನಾಗಬೇಕು? ಅದಕ್ಕೇ ಅವರು ದೇವರೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಮೂರರಲ್ಲಿ ಒಂದನ್ನು ಆಫ್ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಮೂರರ ಪರವಾಗಿ ಅದನ್ನು ಮಲಗಿಸುವುದು. ಒಂದು ವರ್ಷ ಕಾರ್ಕಳ, ಒಂದು ವರ್ಷ ಕುಂದಾಪುರ. ಈ ವರ್ಷ ಸರದಿ ಉಡುಪಿಯದು. ಇದೆಲ್ಲ ಪೂಜಿತಾಳಿಗೆ ಗೊತ್ತಿತ್ತು. ನಾಲ್ಕು ವರ್ಷ ಪಕ್ಕದಲ್ಲಿ ನಿಂತು ಗಂಟೆ ಬಾರಿಸಿದವಳು ಅವಳೇ. ಆದರೂ ಒಂದು ತಿಂಗಳು ನಾಕಾದ ಮುಂದೆ ಕೂತು ಅದಕ್ಕೆ ಜಗತ್ತಿನ ಎಲ್ಲ ಕಾಯಿಲೆಗಳನ್ನೂ ಕಲಿಸಿದವಳಿಗೆ ಈ ಒಂದು ಪೂಜೆ ನೆನಪಾಗಲಿಲ್ಲ. ಪೂಜೆಯನ್ನು ಯಾರಾದರೂ ಕಾಯಿಲೆಗಳ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ದೇವದಾಸರು ಮಡಿ ಪಂಚೆ ಉಟ್ಟು ಉಡುಪಿಯ ಬಟನ್ ಒತ್ತಿ ಮಲಗಿಸಿದರು. ಮಾಲೆ ಹಾಕಿದರು, ಕುಂಕುಮ ಇಟ್ಟರು. ಆರತಿ ಎತ್ತಿ ಗಂಟೆ ಬಾರಿಸುತ್ತಿದ್ದಂತೆ ಉಡುಪಿ ಗುಂಯ್ ಎಂದು ಎದ್ದು ಕೂತಿತು. ಗೊಂಡೆ ಹೂವಿನ ಎಸಳುಗಳು ಫ್ಯಾನಿನ ಗಾಳಿಗೆ ಪಟಪಟ ಹಾರಿದವು.

"ತಾಯಿ ಒಲಿದಾಳ್ರಿ!" ಎಂದ ಗುರುನಾಥ ಕೈಮುಗಿದು.

ದೇವದಾಸರಿಗೆ ತಾಯಿ ಒಲಿದ ರೀತಿ ಹಿಡಿಸಲಿಲ್ಲ. ಮತ್ತೆ ಬಟನ್ ಒತ್ತಿ ಮಲಗಿಸಿದರು. ಮಂತ್ರ ಮುಂದುವರಿಯುವಷ್ಟರಲ್ಲಿ ಉಡುಪಿ ಮತ್ತೆ ಎದ್ದಿತು. ಪೂಜಿತಾ ಅಷ್ಟರಲ್ಲಿ ಹೊರಗೆ ತನ್ನ ಮೇಜಿನ ಹತ್ತಿರ ಇದ್ದಳು. ಬುಕಿಂಗ್ ತೆರೆಯುವ ಹೊತ್ತಾಗಿತ್ತು, ಕಣ್ಣು ಸ್ಕ್ರೀನಿನ ಮೇಲಿತ್ತು. ದೇವದಾಸರು ಯಾರನ್ನೂ ಕೇಳಲಿಲ್ಲ. ಉಡುಪಿಯ ಕರೆಂಟಿನ ಕೇಬಲನ್ನೇ ಹಿಂದಿನಿಂದ ಕಿತ್ತು ಪಕ್ಕಕ್ಕಿಟ್ಟು, ಕುಂಬಳಕಾಯಿ ಒಡೆದು, ಪೂಜೆ ಮುಗಿಸಿ ಪಂಚಕಜ್ಜಾಯ ಹಂಚಲು ಹೊರಟರು.

ಬುಕಿಂಗ್ ತೆರೆಯಿತು. ಠಾಣೆ, ಕಲ್ಯಾಣ, ಡೊಂಬಿವಲಿ, ಪನ್ವೇಲ್, ಎಲ್ಲ ಕಡೆಯಿಂದ ಹಬ್ಬಕ್ಕೆ ಊರಿಗೆ ಹೋಗುವ ಜನ ಒಮ್ಮೆಲೇ ನುಗ್ಗಿದರು. ಉಡುಪಿ ಕೆಂಪಾಗಿರುವುದನ್ನು ಪೂಜಿತಾ ನೋಡಿದಳು. ಬುಕಿಂಗಿನ ಗಡಿಬಿಡಿಯಲ್ಲಿ ಅದನ್ನು ಪೂಜೆಗೆ ಮಲಗಿಸಿದ್ದೆಂದು ಹೊಳೆಯದೆ, ಈಗ ಏಳುತ್ತದೆ ಎಂದು ಕಾದಳು. ಉಳಿದೆರಡರ ಮೇಲೆ ಹೊರೆ ಬಿದ್ದು ಕಾರ್ಕಳವೂ ಕೆಂಪಾಯಿತು. ಅದೂ ಏಳುತ್ತದೆ ಎಂದು ಕಾದಳು. ಒಂದೂ ಏಳಲಿಲ್ಲ. ಇಡೀ ಹಬ್ಬದ ಜಾತ್ರೆ ಕುಂದಾಪುರ ಒಂದರ ತಲೆ ಮೇಲೆ ಬಿದ್ದು ಅದು ಏದುಸಿರು ಬಿಡತೊಡಗಿತು. ಫೋನುಗಳು ಶುರುವಾದವು. ಒಂದು ತಿಂಗಳಿನಿಂದ ಸುಮ್ಮನಿದ್ದ ಅವಳ ಮೊಬೈಲೂ ಕಿರುಚಿತು.

ಪಂಚಕಜ್ಜಾಯದ ಬಟ್ಟಲು ಹಿಡಿದೇ ದೇವದಾಸರು ಓಡಿ ಬಂದರು. "ಎಂತ ಆಯ್ತು? ತಾನೇ ಏಳ್ತದೆ ಅಂದಿದ್ದಿ ಅಲ್ವಾ?"

ಪೂಜಿತಾ ನಾಕಾದ ಒಳಗೆ ನೋಡಿದಳು. ನೋಡಿದ ಕೂಡಲೇ ಅರ್ಥವಾಯಿತು. ಕರೆಂಟೇ ಇಲ್ಲದ ಉಡುಪಿಯ ಮುಂದೆ ನಾಕಾ ಪಟ್ಟು ಹಿಡಿದು ಕೂತಿತ್ತು. ಏಳು, ಏಳು, ಏಳು. ಏಳುವ ತನಕ ಬಿಡಬೇಡ ಎಂದು ಅವಳೇ ಹೇಳಿದ್ದಳು. ಒಂದು ಎದ್ದ ಮೇಲೆಯೇ ಇನ್ನೊಂದರ ಹತ್ತಿರ ಹೋಗು ಎಂದೂ ಅವಳೇ ಹೇಳಿದ್ದಳು. ಮಗ್ಗುಲಲ್ಲಿ ಕಾರ್ಕಳ ಬಿದ್ದು ಒದ್ದಾಡುತ್ತಿದ್ದರೂ ಅದು ತಿರುಗಿ ನೋಡುವ ಹಾಗಿರಲಿಲ್ಲ.

"ಉಡುಪಿಯ ಕೇಬಲ್ ತೆಗೆದ್ರಾ ದೇವಣ್ಣ?"

"ತೆಗೀದೆ ಮತ್ತೆ? ಪೂಜೆಗೆ ಕೂರಿಸಿದ್ರೆ ಕುಣೀತದೆ ಅದು!"

ಗುರುನಾಥ ಬಾಗಿಲಲ್ಲಿ ನಿಂತಿದ್ದ. "ಅಕ್ಕಾರ, ಕಾರ್ಕಳದ್ದು ಬಟನ್ ಒತ್ತಿ ಬಿಡಲೇನ್ರಿ? ಒಂದ್ ನಿಮಿಷದ ಕೆಲ್ಸ."

ಒತ್ತಬಹುದಿತ್ತು. ಒತ್ತಿದರೆ ಕಾರ್ಕಳ ಏಳುತ್ತಿತ್ತು, ಈ ರಶ್ಶಿನಲ್ಲಿ ಇನ್ನೊಂದು ಗಂಟೆಗೆ ಮತ್ತೆ ಬೀಳುತ್ತಿತ್ತು, ನಾಕಾ ಆಗಲೂ ಸತ್ತ ತಂತಿಯ ಮುಂದೆ ಭಜನೆ ಮಾಡುತ್ತಲೇ ಇರುತ್ತಿತ್ತು. ಬಟನ್ ಒತ್ತಿದರೂ ಶರ್ತ ಸೋತ ಹಾಗೆ, ಕೀಬೋರ್ಡ್ ಮುಟ್ಟಿದರೂ ಸೋತ ಹಾಗೆ. ಹೇಗೂ ಸೋಲುವುದಾದರೆ ಸರಿಯಾದದ್ದನ್ನು ಮಾಡಿ ಸೋಲೋಣ ಎಂದು ಪೂಜಿತಾಳಿಗೆ ಅನಿಸಿತು. ಕಣ್ಣಲ್ಲಿ ನೀರು ಬಂತು. ಅದನ್ನು ಸೆರಗಿನಿಂದ ಒರೆಸಿಕೊಂಡು, ಕುರ್ಚಿಯನ್ನು ಹೊಟ್ಟೆಗೆ ತಾಗದಷ್ಟು ಹಿಂದಕ್ಕೆ ಸರಿಸಿ, ಕೈ ಮುಂದೆ ಚಾಚಿ ಟೈಪ್ ಮಾಡತೊಡಗಿದಳು.

"ಬೇಡ ಗುರುನಾಥಣ್ಣ, ಮುಟ್ಟಬೇಡಿ. ತಪ್ಪು ಇಲ್ಲಿದೆ."

ನಾಕಾಕ್ಕೆ ಅವಳು ಎರಡೇ ಸ್ಥಿತಿ ಕಲಿಸಿದ್ದಳು. ಬದುಕಿದೆ, ಇಲ್ಲ ಬಿದ್ದಿದೆ. ಈಗ ಮೂರನೆಯದೊಂದನ್ನು ಸೇರಿಸಿದಳು. ಅದಕ್ಕೆ 'ವಿಶ್ರಾಂತಿ' ಎಂದು ಹೆಸರಿಟ್ಟಳು. ಯಾವ ಯಂತ್ರದ ಹೆಸರಿನ ಮುಂದೆ ಆ ಗುರುತು ಇರುತ್ತದೋ ಅದಕ್ಕೆ ಗಿರಾಕಿಗಳನ್ನು ಕಳಿಸಬೇಡ. ಅದನ್ನು ಎಬ್ಬಿಸಲೂ ಹೋಗಬೇಡ. ಪಟ್ಟಿಯಿಂದ ಹೆಸರು ಮಾತ್ರ ಹೊಡೆದುಹಾಕಬೇಡ, ಅದು ತಿರುಗಿ ಬರುವಂಥದ್ದು. ಜೊತೆಗೆ, ಮೂರು ಸಲ ಪ್ರಯತ್ನಿಸಿ ಕೈಬಿಡು ಎಂಬ ಪುಸ್ತಕದ ಸಾಲನ್ನೂ ತಿರುಗಿ ಬರೆದಳು. ದೇವದಾಸರು ಹಿಂದೆ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಫೋನುಗಳು ಬಡಕೊಳ್ಳುತ್ತಲೇ ಇದ್ದವು. ಉಡುಪಿಯ ಮುಂದೆ ಗುರುತು ಹಾಕಿ ಅವಳು ಕೀಲಿ ಒತ್ತಿದಳು.

ಉಡುಪಿ ಕೆಂಪಿನಿಂದ ಹಳದಿಗೆ ತಿರುಗಿತು. ನಾಕಾ ಕೊನೆಗೂ ಅದರ ಕಡೆಯಿಂದ ಮುಖ ತಿರುಗಿಸಿ ಕಾರ್ಕಳದ ಹತ್ತಿರ ಬಂತು. ಕೋಣೆಯೊಳಗಿಂದ ಫ್ಯಾನಿನ ಸದ್ದು ಕೇಳಿತು. ಕಾರ್ಕಳ ಹಸಿರಾಯಿತು, ಕುಂದಾಪುರ ಉಸಿರು ಬಿಟ್ಟಿತು. ಒಂದೊಂದೇ ಫೋನು ಸುಮ್ಮನಾಯಿತು. ಪೂಜಿತಾ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಮಧ್ಯಾಹ್ನ ಕಾರ್ಕಳ ಇನ್ನೊಮ್ಮೆ ಬಿದ್ದಿತು, ಕುಂದಾಪುರವೂ ಒಮ್ಮೆ ಬಿದ್ದಿತು. ಎರಡೂ ತಾವೇ ಎದ್ದವು. ಏಜೆಂಟರಿಗೆ ಗೊತ್ತೇ ಆಗಲಿಲ್ಲ.

ಸಂಜೆ ದೇವದಾಸರು ಅವಳನ್ನು ಕರೆದು ಕೂರಿಸಿದರು. ಮುಖದಲ್ಲಿ ಸಂಕೋಚವಿತ್ತು, ಆದರೂ ಮಾತು ಬಿಡಲಿಲ್ಲ. "ಕೆಲಸ ಒಳ್ಳೆದಾಯ್ತು, ಇಲ್ಲ ಅನ್ನುದಿಲ್ಲ. ಆದ್ರೆ ನೀನು ಕೈ ಹಾಕಿದ್ದು ಹೌದಲ್ವಾ?"

"ಹೌದು. ಕೈ ಹಾಕಿದೆ. ಶರ್ತ ಸೋತೆ."

"ಜಯಶೀಲ ಸೋಮವಾರ ಬರ್ತೇನೆ ಅಂದಿದ್ದಾನೆ."

"ಬರ್ಲಿ. ಆದ್ರೆ ನಾನು ರಾಜೀನಾಮೆ ಕೊಡುದಿಲ್ಲ ದೇವಣ್ಣ." ಪೂಜಿತಾ ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. "ಅಲ್ಲಿ ಒಳಗೆ ಉಡುಪಿಯನ್ನು ನೀವೇ ಮಲಗಿಸಿದ್ದೀರಿ. ಸತ್ತಿದೆ ಅಂತ ಅಲ್ಲ, ದುಡಿದಿದೆ ಅಂತ. ಅದರ ಜಾಗಕ್ಕೆ ಹೊಸ ಮೆಷಿನ್ ತರ್ಲಿಕ್ಕೆ ಯಾರಿಗಾದ್ರೂ ಹೇಳಿದ್ದೀರಾ? ನನ್ನ ನಾಕಾಕ್ಕೆ ಬುದ್ಧಿ ಇರ್ಲಿಲ್ಲ, ಮಲಗಿದ್ದನ್ನು ಬಿದ್ದದ್ದು ಅಂತ ತಿಳ್ಕೊಂಡ್ತು. ತಪ್ಪು ನನ್ನದು, ತಿದ್ದಿದೆ. ನಿಮಗೆ ಬುದ್ಧಿ ಉಂಟಲ್ವಾ ದೇವಣ್ಣ?"

ದೇವದಾಸರು ಎದ್ದರು. ಬಟ್ಟಲಲ್ಲಿ ಉಳಿದ ಪಂಚಕಜ್ಜಾಯವನ್ನು ಕಾಗದದಲ್ಲಿ ಕಟ್ಟಿ, ಮನೆಯವರಿಗೆ ಕೊಡು ಎಂದು ಅವಳ ಕೈಗಿತ್ತರು. ಪೂಜಿತಾ ಹೊರಗೆ ಬಂದಳು. ಹೇಳಬೇಕಾದದ್ದನ್ನು ಹೇಳಿ ಆಗಿತ್ತು. ಕುರ್ಚಿ ಹೋಯಿತು ಎಂದುಕೊಂಡೇ ಟ್ರೈನ್ ಹತ್ತಿದಳು.

ಮರುದಿನ ವಿಜಯದಶಮಿ. ಒಳ್ಳೆಯ ದಿನ ಎಂದು ನೆರೂಳದ ತಾಯಿಮನೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಕೆಳಗೆ ಟ್ಯಾಕ್ಸಿಗೆ ರಂಜನ್ ಬ್ಯಾಗು ತುಂಬುತ್ತಿದ್ದ. ಉಮಾವತಿಯವರು ಸೊಸೆಯ ತಲೆಗೆ ಮಲ್ಲಿಗೆ ಮುಡಿಸುತ್ತಿರುವಾಗ ಫೋನ್ ಬಂತು. ಅತ್ತೆಯ ಮುಖ ಊದಿತು. ದೇವದಾಸರ ನಂಬರು.

"ಪೂಜಿತಾ, ಇಲ್ಲಿ ಪೂಜೆ ಮುಗೀತು. ಉಡುಪಿಯನ್ನು ಎಬ್ಬಿಸ್ಬೇಕು. ಕೇಬಲ್ ಹಾಕಿದ್ದೇನೆ. ಆ ವಿಶ್ರಾಂತಿ ಅಂತ ಬರ್ದದ್ದುಂಟಲ್ಲ, ಅದನ್ನು ತೆಗಿಯುದು ಹೇಗೆ ಹೇಳು. ನಾನೇ ತೆಗ್ದು ನೋಡ್ತೇನೆ."

ಅವಳು ಹೇಳಿದಳು. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವುದು ಫೋನಿನಲ್ಲೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗುರುನಾಥ, "ಎದ್ದ ನೋಡ್ರಿ ಮಗಾ!" ಎಂದು ಕೂಗಿದ.

"ಹಸಿರಾಯ್ತು" ಎಂದರು ದೇವದಾಸರು. ಆಮೇಲೆ ಅವರ ದನಿಯಲ್ಲಿ ಅನುಮಾನ ಬಂತು. "ಆದ್ರೆ ಇದಕ್ಕೆ ಗಿರಾಕಿಗಳೇ ಇಲ್ಲ ಅಲ್ವಾ? ಉಳಿದೆರಡಕ್ಕೆ ಸುಮಾರು ಬರ್ತಾರೆ, ಇದಕ್ಕೆ ಒಬ್ಬೊಬ್ಬರೇ. ಹಾಳಾಯ್ತಾ ಹೇಗೆ?"

"ಹಾಳಾಗ್ಲಿಲ್ಲ ದೇವಣ್ಣ. ನಾನೇ ಹಾಗೆ ಇಟ್ಟದ್ದು. ಮಲಗಿ ಎದ್ದದ್ದಕ್ಕೆ ಒಮ್ಮೆಲೇ ಪೂರಾ ಹೊರೆ ಹಾಕಿದ್ರೆ ಪುನಃ ಬೀಳ್ತದೆ. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಅರ್ಧ ಗಂಟೆಯಲ್ಲಿ ನೋಡಿ, ಮೂರೂ ಸಮ ಇರ್ತದೆ."

"ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ" ಎಂದು ಆಚೆ ಕಡೆ ದೇವದಾಸರು ತಮ್ಮಷ್ಟಕ್ಕೇ ಹೇಳಿಕೊಂಡರು.  

"ಜಯಶೀಲನಿಗೆ ನಿನ್ನೆಯೇ ಫೋನ್ ಮಾಡಿದೆ" ಎಂದರು ದೇವದಾಸರು. "ಶಿವರಾತ್ರಿ ತನಕ ಮಾತ್ರ ಅಂದೆ. ಹಾಗಾದ್ರೆ ಬೇಡ ಅಂದ. ಬೇಡದಿದ್ರೆ ಬಿಡ್ಲಿ, ಹೇಗೂ ಅವೇ ಏಳ್ತವೆ, ಸ್ಕ್ರೀನ್ ಗುರುನಾಥ ನೋಡ್ತಾನೆ. ನೀನು ಶಿವರಾತ್ರಿ ಕಳೆದು ಬಾ. ಬಂದ ಮೇಲೆ..." ಅವರು ಗಂಟಲು ಸರಿಮಾಡಿಕೊಂಡರು. "ಬಂದ ಮೇಲೆ ಮೊದಲ ತಿಂಗಳು ಮಧ್ಯಾಹ್ನ ತನಕ ಬಂದ್ರೆ ಸಾಕು. ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುವಾ."

ಪೂಜಿತಾಳಿಗೆ ಅಳು ಒತ್ತಿ ಬಂತು. ಅತ್ತೆಯ ಕೈ ಅವಳ ತಲೆಯ ಮೇಲೆ ಹೂವಿನ ಜೊತೆ ನಿಂತೇ ಇತ್ತು. ನಾಲ್ಕು ವರ್ಷದಲ್ಲಿ ಎಂದೂ ಕೇಳದ ಒಂದು ಪ್ರಶ್ನೆಯನ್ನು ಅವಳು ಗಟ್ಟಿಯಾಗಿ ಕೇಳಿದಳು.

"ಸಂಬಳ ಪೂರಾ ಅಲ್ವಾ ದೇವಣ್ಣ?"

"ಪೂರಾ ಮಾರಾಯ್ತಿ, ಪೂರಾ" ಎಂದರು ದೇವದಾಸರು.